ಗೋರಿ ಮನೆಯವರ ಅಡ್ಡಹೆಸರು

"ಸತ್ತವರ ರಿಜಿಸ್ಟರ್ ಬರೆಯೋ ಗುಮಾಸ್ತನಿಗೆ ನಗೋ ಅಂಥದ್ದು ಏನಪ್ಪಾ ಸಿಗುತ್ತೆ?" ಅಂತ ಜನ ಕೇಳ್ತಾರೆ. ಸಿಗೋದೇ ಅಲ್ಲಿ ಸ್ವಾಮಿ! ಮದುವೆ ಮನೆಯಲ್ಲಿ ಎಲ್ಲರೂ ಒಂದೊಂದು ಮಾತನ್ನೂ ತೂಗಿ ಆಡ್ತಾರೆ. ಸಾವಿನ ಮನೆಯಿಂದ ಎದ್ದು ಬಂದವರಿಗೆ ಆ ಎಚ್ಚರ ಇರಲ್ಲ. ನನ್ನ ಟೇಬಲ್ ಮುಂದೆ ವಾರಕ್ಕೊಂದಾದರೂ ಇಂಥದ್ದು ನಡೀತಾನೇ ಇತ್ತು. ನಾನು ನಗ್ತಿದ್ದದ್ದು ಮಾತ್ರ ಅವರು ಗೇಟು ದಾಟಿದ ಮೇಲೆ. ಎದುರಿಗೇ ನಕ್ಕಿದ್ದರೆ ನನ್ನ ಹೆಸರನ್ನೂ ಅದೇ ರಿಜಿಸ್ಟರಿಗೆ ಸೇರಿಸಿಬಿಡ್ತಿದ್ದರು.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ತುಮಕೂರಿನ ಒಂದು ಆಫೀಸು. ಯಾವುದು ಅಂತ ಕೇಳಬೇಡಿ. ಹುಟ್ಟು ಬರೆಯೋಕೆ ಒಬ್ಬ, ಸಾವು ಬರೆಯೋಕೆ ನಾನು. ಕೆಲಸಕ್ಕೆ ಸೇರಿದ ದಿನವೇ ಹೆಡ್ ಗುಮಾಸ್ತರು, "ನೀನು ಗೋರಿ ಮನೆ ಹುಡುಗ ಅಲ್ವೇನಯ್ಯ? ನಿನಗೆ ಅಭ್ಯಾಸ ಇರುತ್ತೆ, ಸಾವು ನೀನೇ ಇಟ್ಕೊ" ಅಂದುಬಿಟ್ಟರು.

ಆ ವರ್ಷ ಹೊಸ ಫಾರಂ ಬಂತು. ಅದರಲ್ಲಿ ಒಂದು ಹೊಸ ಕಾಲಂ: ಅಡ್ಡಹೆಸರು. ಆ ಒಂದೂವರೆ ಇಂಚಿನ ಕಾಲಂನಿಂದ ನನ್ನ ತಂಗಿಯ ಮದುವೆ ಮುರಿದು ಬೀಳೋ ಹಾಗಾಯಿತು. ಅದನ್ನೇ ಹೇಳೋಕೆ ಕೂತಿದ್ದೀನಿ. ದಾರಿಯಲ್ಲಿ ಸಿಕ್ಕವರನ್ನೂ ಹೇಳ್ತೀನಿ.

ಇದ್ದಿದ್ದೇ ಒಂದು

ನಮ್ಮ ಸಾಹೇಬರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು. ಒಳ್ಳೆಯ ಮನುಷ್ಯ. ಆದರೆ ಅವರ ಕಡೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಇಲ್ಲದೆ ಯಾರೂ ತೊಟ್ಟಿಲಿಂದ ಇಳಿಯೋದೇ ಇಲ್ಲ. ಅವರದ್ದೇ ಅಡ್ಡಹೆಸರು ಅಡುಗೆಮನೆಯ ಒಂದು ತರಕಾರಿ. ಮರ್ಯಾದೆಗೆ ಹೇಳದೆ ಬಿಡ್ತೀನಿ. ನಮ್ಮ ಕಡೆ ಊರಿನ ಹೆಸರಿಗೊಂದು ಇಂಗ್ಲಿಷ್ ಅಕ್ಷರ, ಅಪ್ಪನ ಹೆಸರಿಗೊಂದು ಅಕ್ಷರ, ಅಲ್ಲಿಗೆ ಮುಗೀತು. ಅದು ಅವರಿಗೆ ಅರ್ಥವೇ ಆಗ್ತಿರಲಿಲ್ಲ.

ಮೊದಲ ದಿನ ಬಂದವನು ನಿಟ್ಟೂರಿನವನು. ಅವನಪ್ಪ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ನಾನು ಹೆಸರು ಬರೆದುಕೊಂಡು, "ಅಡ್ಡಹೆಸರು?" ಅಂದೆ.

"ಹಂಗಂದ್ರೆ?"

"ಇನ್ನೊಂದು ಹೆಸರು."

"ನಮ್ಮಪ್ಪಂಗೆ ಇದ್ದಿದ್ದೇ ಒಂದೆಸ್ರು ಸ್ವಾಮಿ. ಅದ್ನೂ ನೀವು ಬರ್ಕೊಂಡುಬುಟ್ರಿ."

ನಾನು ಕಾಲಂ ಖಾಲಿ ಬಿಟ್ಟು ಸಹಿಗೆ ಕಳಿಸಿದೆ. ಫಾರಂ ಹೋದಷ್ಟೇ ಬೇಗ ವಾಪಸ್ ಬಂತು, ಹಿಂದೆಯೇ ಸಾಹೇಬರೂ ಬಂದರು. "ಇದನ್ಯಾಕ ಖಾಲಿ ಬಿಟ್ಟೀರಿ? ಒಂದೂ ಕಾಲಂ ಖಾಲಿ ಇರಬಾರದು ಅಂತ ಹೇಳಿಲ್ಲೇನು? ಅಲ್ಲೋ ತಮ್ಮಾ, ನಿಮ್ಮೂರಾಗ ನಿಮ್ಮಪ್ಪನ ಹೆಸರಿನವರು ಇನ್ನೊಬ್ಬರು ಇಲ್ಲೇನು?"

"ಅವ್ನೆ ಸ್ವಾಮಿ. ಪಕ್ಕದ ಮನೇಲೇ ಒಬ್ಬ ಅವ್ನೆ."

"ಮತ್ತ? ಅಡ್ಡಹೆಸರು ಇಲ್ಲಂದ್ರ ಇಬ್ಬರಾಗ ಯಾರು ಯಾರಂತ ಹೆಂಗ ಗೊತ್ತಾಗ್ತದ?"

ಅವನು ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡು ಹೇಳಿದ: "ಇಷ್ಟ್ ದಿನ ಕಷ್ಟ ಆಗ್ತಿತ್ತು ಸ್ವಾಮಿ. ಇನ್ಮೇಲೆ ಆಗಕಿಲ್ಲ."

ನಮ್ಮ ಮನೆ

ಬೇರೆಯವರಿಗೆ ಅಡ್ಡಹೆಸರು ಹುಡುಕಿಕೊಡೋ ನನಗೆ ಬೇಡವೆಂದರೂ ಬಿಡದ ಒಂದು ಇತ್ತು. ನಮ್ಮಬ್ಬಾ ಗೋರಿ ತೋಡೋರು. ಅವರಪ್ಪ, ಅವರಜ್ಜ ಎಲ್ಲರೂ ಅದೇ. ನಮ್ಮ ಜನರಲ್ಲಿ ಗೋರ್‌ಕನ್ ಅಂತಾರೆ; ಊರವರಿಗೆ ನಾವು ಗೋರಿ ಮನೆಯವರು. ಪೋಸ್ಟ್‌ಮ್ಯಾನ್ ಕೂಡ ಬೀದಿಯಲ್ಲಿ ನಿಂತು "ಗೋರಿ ಮನೇ, ಪೋಸ್ಟ್!" ಅಂತ ಕೂಗೋನು. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅಬ್ಬಾ ಕೆಲಸದಲ್ಲಿ ಎಷ್ಟು ಅಚ್ಚುಕಟ್ಟು ಅಂದರೆ ಗುಬ್ಬಿಯಿಂದ, ನಿಟ್ಟೂರಿನಿಂದ ಜನ ಬಂದು ಕರೆದುಕೊಂಡು ಹೋಗೋರು. ನಮ್ಮಮ್ಮಿ ತೀರಿಕೊಂಡಾಗ ನನಗೆ ಹದಿನಾರು. ನೆಂಟರು, "ಇವತ್ತೊಂದು ದಿನ ನೀನು ಕೂತ್ಕೋ, ಬೇರೆಯವರು ತೋಡ್ತಾರೆ" ಅಂದರು. ಅಬ್ಬಾ ಕೂರಲಿಲ್ಲ. ಒಬ್ಬರೇ ತೋಡಿದರು. ಮೇಲೆ ಬಂದು ಕೈ ಒರೆಸಿಕೊಂಡು, "ಅವಳಿಗೆ ಇಕ್ಕಟ್ಟಿನ ಜಾಗ ಆಗ್ತಿರಲಿಲ್ಲ" ಅಂದರು. ಅಷ್ಟೇ ಮಾತಾಡಿದ್ದು ಆ ವಾರದಲ್ಲಿ.

ಅವತ್ತಿಂದ ಮನೆ ನಡೆಸಿದ್ದು ನನ್ನ ತಂಗಿ. ಹೊಲಿಗೆ, ಅಡುಗೆ, ಓದು, ಯಾವುದರಲ್ಲೂ ಅವಳಿಗೆ ಕಮ್ಮಿ ಇರಲಿಲ್ಲ. ಆದರೆ ವಯಸ್ಸು ಇಪ್ಪತ್ತಾರಾದರೂ ಮದುವೆ ಇಲ್ಲ. ಮೂರು ಕಡೆಯವರು ಬಂದರು, ನೋಡಿದರು, ಬಿರಿಯಾನಿ ತಿಂದರು, ಮನೆ ಹೆಸರು ಕೇಳಿದರು, ಹೋದರು. ಅವರಲ್ಲಿ ಒಬ್ಬರು ಮಾತ್ರ ನಿಜ ಹೇಳಿ ಹೋದರು. ಗುಬ್ಬಿಯ ಬಟ್ಟೆ ವ್ಯಾಪಾರಿ. ನನ್ನನ್ನು ಪಕ್ಕಕ್ಕೆ ಕರೆದು, "ಹುಡುಗಿ ಚಿನ್ನದಂಥ ಹುಡುಗಿ. ಬೇರೇನೂ ಇಲ್ಲಪ್ಪಾ. ಬೀಗರಾದ ಮೇಲೆ ನಿಮ್ಮಪ್ಪ ನಮ್ಮನೆಗೆ ಬರ್ತಾ ಹೋಗ್ತಾ ಇರ್ತಾರಲ್ಲ, ಅದೊಂದೇ ಯೋಚನೆ" ಅಂದರು.

ಎರಡು ಟೈಮು

ಸಾಹೇಬರ ಕಾಲಂ ಹುಚ್ಚು ಜೋರಾಗಿದ್ದ ದಿನಗಳಲ್ಲೇ ಹಾಗಲವಾಡಿ ಕಡೆಯ ಅಣ್ಣತಮ್ಮಂದಿರು ಬಂದರು. ಅವರ ಚಿಕ್ಕಪ್ಪ ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡು ಮೂರು ದಿನ ಆಗಿತ್ತು. ನಾನು ಎಂದಿನಂತೆ ಅಡ್ಡಹೆಸರು ಕೇಳಿದೆ. ದೊಡ್ಡವನು ಪಟ್ಟನೆ, "ಬರ್ಕಳಿ. ಸತ್ತೆದ್ದೋರ ಮನೆ" ಅಂದ.

ಒಳಗಿದ್ದ ಸಾಹೇಬರಿಗೆ ಅಡ್ಡಹೆಸರಿನ ವಾಸನೆ ಬಡಿದು ಓಡಿ ಬಂದರು. "ಶಾಬಾಸ್! ಈ ಜಿಲ್ಲಾದಾಗ ಒಂದಾದರೂ ಮನೆತನ ಸಿಕ್ತು ನೋಡ್ರಿ! ಇದು ಹೆಂಗ ಬಂತಪಾ ಹೆಸರು?"

ಅವರ ಮುತ್ತಜ್ಜನನ್ನು ಚಟ್ಟದಲ್ಲಿ ಹೊತ್ತುಕೊಂಡು ಹೋಗ್ತಾ ಇದ್ದಾಗ ಹೊತ್ತವನೊಬ್ಬ ಬದುವಿನ ಮೇಲೆ ಎಡವಿದನಂತೆ. ಚಟ್ಟ ಕೆಳಗೆ ಬಿತ್ತು, ಮುತ್ತಜ್ಜ ಮೇಲೆದ್ದ. ಎದ್ದವನು ಎಡವಿದವನ ಕೆನ್ನೆಗೆ ಎರಡು ಬಾರಿಸಿ, ಮನೆಗೆ ನಡೆದುಕೊಂಡು ಬಂದು, ಆಮೇಲೆ ಹತ್ತಾರು ವರ್ಷ ಬದುಕಿದನಂತೆ. ಎರಡನೇ ಸಲ ಹೊರುವಾಗ ಅವನ ಸೊಸೆ, ಬದು ಹತ್ತಿರ ಬಂದಾಗ, "ಹುಷಾರ್ರಪ್ಪಾ, ಎಡವೀರಿ" ಅಂತ ಅತ್ತಳಂತೆ.

ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ. ಯಾರು ಸತ್ತರೂ ಹೆಣವನ್ನು ಜಗಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸ್ತಾರೆ. ಹೊತ್ತೊತ್ತಿಗೆ ಹಿರಿಯ ಮಗ ಎದುರಿಗೆ ನಿಂತು ಮೂರು ಸಲ ಹೆಸರು ಹಿಡಿದು ಕರೀತಾನೆ. ಒಂದು ಹಗಲು, ಒಂದು ರಾತ್ರಿ. ಯಾರೂ ಓಗೊಡದಿದ್ದರೆ ಆಮೇಲೆ ಮುಂದಿನ ಕೆಲಸ.

"ಡಾಕ್ಟ್ರು ಸರ್ಟಿಫಿಕೇಟ್ ಕೊಟ್ಟಿದ್ದರಲ್ರಿ, ಸತ್ತಾರಂತ?" ಅಂದರು ಸಾಹೇಬರು.

"ಡಾಕ್ಟ್ರು ಮಾತು ನಿಮಗೆ ಸಾಕು ಸ್ವಾಮಿ. ನಮ್ಮನೆಗೆ ಸಾಲದು."

ಸಾಹೇಬರು ತಲೆ ಕೆರೆದುಕೊಂಡು ಒಳಗೆ ಹೋದರು. ನಾನು ಮುಂದಿನ ಕಾಲಂಗೆ ಹೋದೆ: ಸತ್ತ ದಿನ ಮತ್ತು ಟೈಮು. ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಆಮೇಲೆ ಅಣ್ಣ ಟೇಬಲ್ ಮೇಲೆ ಬಗ್ಗಿ ಮೆಲ್ಲಗೆ ಕೇಳಿದ: "ಯಾವ್ದು ಹೇಳಾನ ಸ್ವಾಮಿ? ಸತ್ತಿದ್ದಾ, ಒಪ್ಕೊಂಡಿದ್ದಾ?"

ಬೇಸಿಗೇಲಿ ಬನ್ನಿ

ಸಾಹೇಬರು ಕಡೆಗೆ ಒಂದು ಮೆಟ್ಟಿಲು ಇಳಿದರು. "ಅಡ್ಡಹೆಸರು ಇಲ್ಲಂದ್ರ ಊರ ಹೆಸರನ್ನೇ ಬರೀರಿ. ಆದರ ನಾಳೆ ಯಾರಾದರೂ ಕೇಳಿದರ ಊರು ತೋರಿಸುವಂಗಿರಬೇಕು."

ಮಾರನೆಯ ದಿನವೇ ಮಾರ್ಕೋನಹಳ್ಳಿ ಕಡೆಯ ಮುದುಕ ಒಬ್ಬ ಬಂದ. ಹೆಂಡತಿ ತೀರಿಕೊಂಡಿದ್ದಳು. ಪೂರ್ವಿಕರ ಊರು ಯಾವುದು ಅಂತ ಕೇಳಿದೆ. ಹೇಳಿದ. ಆ ಹೆಸರು ನಾನು ಕೇಳೇ ಇರಲಿಲ್ಲ, ಆಫೀಸಿನ ಊರುಗಳ ಪಟ್ಟಿಯಲ್ಲೂ ಇರಲಿಲ್ಲ. ಹತ್ತು ಮನೆಯ ಹಟ್ಟಿ, ಅಣೆಕಟ್ಟು ಕಟ್ಟಿದಾಗ ನೀರಿನ ಕೆಳಗೆ ಹೋಯಿತಂತೆ. ಅವನಿಗಾಗ ಮದುವೆಯಾಗಿ ಒಂದು ತಿಂಗಳು. ಸೊಸೆಯಾಗಿ ಬಂದವಳು ಅಕ್ಕಿ ಒದ್ದ ಹೊಸ್ತಿಲೂ ನೀರಲ್ಲೇ ಇದೆ ಅಂದ.

"ಇಲ್ಲದ ಊರನ್ನ ಹೆಂಗಜ್ಜಾ ಬರೆಯೋದು?" ಅಂದೆ. "ನಮ್ಮ ಸಾಹೇಬರು ತೋರಿಸು ಅಂತಾರೆ."

"ತೋರಿಸ್ತೀನಿ ಬುಡಪ್ಪಾ. ನಿಮ್ ಸಾಯೇಬ್ರನ್ನ ಬೇಸಿಗೇಲಿ ಕರ್ಕೊಂಡು ಬಾ. ನೀರು ಇಳ್ದಾಗ ನಮ್ಮೆಸ್ರು ಆಚೆಗೆ ಕಾಣ್ತದೆ."

ಬೋರ್ಡು

ಇವನ್ನೆಲ್ಲ ನಾನು ಊಟಕ್ಕೆ ಕೂತಾಗ ಮನೆಯಲ್ಲಿ ಹೇಳ್ತಿದ್ದೆ. ತಂಗಿ ಬಿದ್ದು ಬಿದ್ದು ನಗೋಳು. ಅಬ್ಬಾ ನಗ್ತಿರಲಿಲ್ಲ. ಒಂದು ದಿನ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದರು: "ಅಂದ್ರೆ, ಯಾರು ಏನು ಹೆಸರು ಹೇಳಿದ್ರೂ ನೀನು ಬರ್ಕೊಂತೀಯಾ?"

"ಕಾಲಂ ತುಂಬಿದ್ರೆ ಸಾಕು ನಮ್ಮ ಸಾಹೇಬರಿಗೆ."

"ಹಂಗಾದ್ರೆ ನಮಗೂ ಒಂದು ಬರಿ ಬೇಟಾ. ಇನಾಮ್ದಾರ್ ಅಂತ."

ನನ್ನ ಕೈಲಿದ್ದ ರೊಟ್ಟಿ ಕೈಲೇ ಉಳಿಯಿತು. ಇನಾಮ್ದಾರರು ಅಂದರೆ ರಾಜರಿಂದ ಜಮೀನು ಪಡೆದವರು. ನಮಗೆ ರಾಜರಿಂದ ಒಂದು ಗುದ್ದಲಿಯೂ ಬಂದಿರಲಿಲ್ಲ.

"ಭಾಯ್, ಬರೀಬೇಡಿ," ಅಂದಳು ತಂಗಿ. "ಹೆಸರು ಬದಲಾದ್ರೆ ಅಬ್ಬಾನ ಕೈ ಬದಲಾಗುತ್ತಾ? ಸುಳ್ಳು ಹೇಳಿ ಹೋದ ಮನೇಲಿ ನಾನು ದಿನಾ ಹೆದರಿಕೊಂಡು ಬದುಕಬೇಕಾ?"

ಅಬ್ಬಾ ಅವಳ ಕಡೆ ನೋಡಲಿಲ್ಲ. "ನಾನು ಊರವರಿಗೆಲ್ಲ ಜಾಗ ಮಾಡಿಕೊಟ್ಟೆ," ಅಂದರು. "ನನ್ನ ಮಗಳಿಗೊಂದು ಮನೆ ಮಾಡಿಕೊಡೋಕಾಗಲಿಲ್ಲ." ನನಗೆ ಅಳು ಬಂತು. ನಾಳೆಯೇ ಬರೀತೀನಿ ಅಂದೆ.

ಸಿಬ್ಬಂದಿಯೂ ಅಡ್ಡಹೆಸರು ಕೊಡಬೇಕು ಅಂತ ಸಾಹೇಬರು ಆರ್ಡರ್ ಮಾಡಿದ್ದರು. ನಾನು ಕೊಟ್ಟೆ. ಅವರು ಎದ್ದು ನಿಂತು ಕೈ ಕುಲುಕಿದರು. ವಾರದಲ್ಲಿ ನಮ್ಮ ಬಾಗಿಲ ಮೇಲೆ ನೀಲಿ ಬಣ್ಣದ ಬೋರ್ಡು ಬಂತು: ಇನಾಮ್ದಾರ್. ಅಬ್ಬಾ ಹಾರೆ, ಗುದ್ದಲಿ, ಮಂಕರಿಗಳನ್ನೆಲ್ಲ ಅಟ್ಟದ ಮೇಲೆ ಹಾಕಿ, ಇನ್ನು ಮುಟ್ಟಲ್ಲ ಅಂದರು. ಬೀದಿಯವರು ಸುಮ್ಮನಿರ್ತಾರಾ? ಎದುರು ಮನೆಯ ಗೌಡರು ಮೊದಲ ದಿನವೇ ಬೋರ್ಡನ್ನು ಜೋರಾಗಿ ಓದಿ, ಅಬ್ಬಾನ ಭುಜದ ಮೇಲೆ ಕೈ ಹಾಕಿದರು. "ಸಾಬ್ರೆ, ದೊಡ್ಡೋರಾಗ್ಬುಟ್ರಿ, ಸಂತೋಷ. ಆದ್ರೆ ಇದನ್ನ ಮೊದಲೇ ಹೇಳೋದಲ್ವಾ? ನಿಮ್ಮನ್ನ ನಂಬಿಕೊಂಡು ನಮ್ ಬೀದೀಲಿ ಇಬ್ಬರು ಮುದುಕರು ಕಾಯ್ತಾ ಅವ್ರೆ."

ಮೂರು ಎಕರೆ

ಬೋರ್ಡು ಒಣಗುವ ಮೊದಲೇ ಮದುವೆ ಕುದುರಿಸೋ ಬೂಬಮ್ಮ ಕುಣಿಗಲ್‌ನಿಂದ ಸಂಬಂಧ ತಂದಳು. ಹುಡುಗನದ್ದು ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ಶಾಪು. ಹುಡುಗ, ಅವನಪ್ಪ, ಅವನ ಅಜ್ಜಿ ಮೂವರು ಬಂದರು. ಹುಡುಗನಪ್ಪ ಕೂತ ತಕ್ಷಣ ತಾವೇ ಹೇಳಿಕೊಂಡರು: "ನಾವು ನಾಲ್‌ಬಂದ್‌ಗಳು. ಕುದುರೆಗೆ ಲಾಳ ಹೊಡೆಯೋರು. ನಮ್ಮಜ್ಜ ಕುದುರೆ ಒದ್ದು ಸತ್ತರು. ನಮ್ಮಪ್ಪನ ಮೂರು ಹಲ್ಲು ಅದೇ ಕೆಲಸದಲ್ಲಿ ಹೋಯ್ತು. ಹೆಸರು ಪುಕ್ಕಟೆ ಬಂದಿಲ್ಲ ಸಾಹೇಬ್."

ಅದನ್ನು ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನಗೆ ನಾಚಿಕೆಯಾಯಿತು. ಒಳಗೆ ಟೀ ಸೋಸುತ್ತಿದ್ದ ತಂಗಿಯ ಕೈಬಳೆ ಸದ್ದು ನಿಂತುಹೋಯಿತು.

"ನೀವು ಇನಾಮ್ದಾರ್," ಅಂದರು ಅವರು. "ಇನಾಂ ಜಮೀನು ಎಲ್ಲಿ?"

ಅಬ್ಬಾಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಬೆವರು ಒರೆಸಿಕೊಂಡು, "ಊರಾಚೆ, ಮೂರು ಎಕರೆ" ಅಂದರು. ಅದು ಖಬರಸ್ಥಾನದ ಅಳತೆ.

"ಏನು ಬೆಳೀತೀರಿ?"

"ಬೇವಿದೆ, ಹುಣಸೆ ಇದೆ. ತಾವಾಗೇ ಬೆಳೀತವೆ."

"ಭೇಷ್. ಜನ ಸಿಕ್ತಾರಾ ಈಗಿನ ಕಾಲದಲ್ಲಿ? ನಮ್ಮ ಕಡೆ ಕೆಲಸಕ್ಕೆ ಬಂದೋರು ಎರಡು ದಿನ ಇದ್ದು ಓಡಿಹೋಗ್ತಾರೆ."

ಅಬ್ಬಾ ನಿಟ್ಟುಸಿರುಬಿಟ್ಟು ಅಂದರು: "ನಮ್ಮಲ್ಲಿಗೆ ಬಂದೋರು ಇದುವರೆಗೂ ಯಾರೂ ಬಿಟ್ಟು ಹೋಗಿಲ್ಲ."

ಕುಣಿಗಲ್ ಮಣ್ಣು

ನಿಕಾ ಗೊತ್ತಾಯಿತು. ಎಂಟು ದಿನ ಇದೆ ಅನ್ನುವಾಗ ಕುಣಿಗಲ್‌ನಿಂದ ಸುದ್ದಿ: ಹುಡುಗನ ಅಜ್ಜಿ ಬೆಳಿಗ್ಗೆ ತೀರಿಕೊಂಡರು. ಬೀಗರಾಗೋರು, ಹೋಗಲೇಬೇಕು. ಇನಾಮ್ದಾರ್ ಆದವರು ಲುಂಗಿಯಲ್ಲಿ ಹೋಗೋಕಾಗುತ್ತಾ? ಅಬ್ಬಾ ಪಕ್ಕದ ಮನೆಯವರ ಶೇರ್ವಾನಿ ಕೇಳಿ ತಂದು ಹಾಕಿಕೊಂಡರು. ತಂಗಿ ಬಾಗಿಲಿಗೆ ಬಂದು ನನ್ನ ಕಿವಿಯಲ್ಲಿ, "ಭಾಯ್, ಅಬ್ಬಾನ ಕೈ ಹಿಡ್ಕೊಂಡೇ ಇರಿ" ಅಂದಳು. ಬಸ್ಸಿನಲ್ಲಿ ನಾನೂ ಹೇಳಿದೆ: "ಅಬ್ಬಾ, ಅಲ್ಲಿ ಏನೇ ಕಂಡರೂ ನೀವು ಮಾತಾಡಬೇಡಿ."

"ನನಗೇನು ಹುಚ್ಚಾ?" ಅಂದರು.

ಅಲ್ಲಿ ಗೋರಿ ತೋಡೋನು ಜ್ವರ ಬಂದು ಮಲಗಿದ್ದ. ಬೀದಿಯ ನಾಲ್ಕು ಜನ ಗಂಡಸರು, ಜನ್ಮದಲ್ಲಿ ಗುದ್ದಲಿ ಹಿಡಿಯದವರು, ತೋಡ್ತಾ ಇದ್ದರು. ಹಿಂದಿನ ವಾರ ಮಳೆಯಾಗಿತ್ತು, ಮಣ್ಣು ಸಡಿಲ. ಅಬ್ಬಾ ಅಂಚಿಗೆ ಹೋಗಿ ಒಮ್ಮೆ ಬಗ್ಗಿ ನೋಡಿದರು.

"ಎಡಗಡೆ ಗೋಡೆ ನಿಲ್ಲಲ್ಲ," ಅಂದರು ಮೆಲ್ಲಗೆ.

"ಅಬ್ಬಾ, ನೀವು ಇನಾಮ್ದಾರ್."

"ಹೌದು ಹೌದು."

ಒಂದು ನಿಮಿಷ ಆಗಿರಲಿಲ್ಲ. "ಉದ್ದ ಒಂದು ಗೇಣು ಕಮ್ಮಿ. ಆಯಮ್ಮನ ಕಾಲು ಮಡಚಬೇಕಾಗುತ್ತೆ."

ನಾನು ಶೇರ್ವಾನಿಯ ತೋಳು ಬಿಗಿಯಾಗಿ ಹಿಡಿದುಕೊಂಡೆ. ದೂರದಲ್ಲಿ ಅಜ್ಜಿಯ ಜನಾಜ ಹೊತ್ತುಕೊಂಡು ಬರೋದು ಕಾಣಿಸ್ತು. ಹುಡುಗನಪ್ಪ ತಾಯಿಯನ್ನು ಇಳಿಸೋಕೆ ಮುಂದೆಯೇ ಬಂದು ನಮ್ಮ ಪಕ್ಕದಲ್ಲಿ ನಿಂತರು, ಕಣ್ಣು ಕೆಂಪಾಗಿತ್ತು. ಆಗಲೇ ಎಡಗಡೆ ಗೋಡೆಯಿಂದ ಒಂದು ದೊಡ್ಡ ಹೆಂಟೆ ಧಪ್ ಅಂತ ಕೆಳಗೆ ಬಿತ್ತು. ಒಳಗಿದ್ದವನು ಹೆದರಿ ಮೇಲೆ ಹತ್ತಿಬಿಟ್ಟ.

ಅಬ್ಬಾ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. "ಅವಳ ಮದುವೆ, ಅಬ್ಬಾ," ಅಂದೆ. ಅವರು ಶೇರ್ವಾನಿ ಬಿಚ್ಚಿದರು. ಹಿಡ್ಕೊಳ್ಳಿ ಅಂತ ಅದನ್ನು ಕೊಟ್ಟಿದ್ದು ಯಾರಿಗೆ? ಹುಡುಗನಪ್ಪನಿಗೇ!

ಆಮೇಲೆ ನಡೆದದ್ದನ್ನು ಕುಣಿಗಲ್‌ನವರು ವರ್ಷಗಟ್ಟಲೆ ಹೇಳ್ತಿದ್ದರು. ಮೂರು ತಿಂಗಳು ಕೈ ಕಟ್ಟಿಕೊಂಡು ಕೂತಿದ್ದ ಮನುಷ್ಯ! "ಯಾವನ್ಲಾ ಇದನ್ನ ತೋಡ್ದೋನು? ಹಾರೆ ಕೊಡ್ರೋ! ಅಂಚಿಂದ ಹಿಂದಕ್ಕೆ ನಿಲ್ರೋ, ಕುಸಿಯುತ್ತೆ!" ಅಂತ ಒಳಗಿಂದ ಕೂಗು. ಜನಾಜವನ್ನು ಸ್ವಲ್ಪ ದೂರದಲ್ಲೇ ಇಳಿಸಿ ಎಲ್ಲರೂ ಬಾಯಿಬಿಟ್ಟುಕೊಂಡು ನೋಡ್ತಾ ಇದ್ದಾರೆ. ಗೋಡೆ ನೆಟ್ಟಗಾಯಿತು, ಉದ್ದ ಸರಿಯಾಯಿತು, ತಳ ಸಮವಾಯಿತು. ನಾನು ಮುಗೀತು ಅಂದುಕೊಂಡೆ. ಮುಗಿದಿರಲಿಲ್ಲ. ಅಬ್ಬಾ ಪ್ರತಿ ಸಲ ಕೊನೆಯಲ್ಲಿ ಒಂದು ಕೆಲಸ ಮಾಡ್ತಿದ್ದರು, ಅವತ್ತೂ ಮರೆಯಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲೇ ತಾವೇ ಅದರೊಳಗೆ ಮಲಗಿದರು. ಪಶ್ಚಿಮಕ್ಕೆ, ಖಿಬ್ಲಾ ಕಡೆ ಮುಖ ಮಾಡಿ, ಕಾಲು ಚಾಚಿ, ಭುಜ ಅಲ್ಲಾಡಿಸಿ ನೋಡಿದರು. ಮೇಲೆ ನಿಂತವರಲ್ಲಿ ಇಬ್ಬರು "ಯಾ ಅಲ್ಲಾ" ಅಂತ ಹಿಂದಕ್ಕೆ ಸರಿದರು. ಅಬ್ಬಾ ಎದ್ದು ಕೂತು, "ಆರಾಮಾಗಿದೆ. ತನ್ನಿ ಅಮ್ಮನ್ನ" ಅಂದರು.

ಮಣ್ಣು ಹಾಕಿದ್ದಾಯಿತು, ದುವಾ ಆಯಿತು, ಜನ ಕರಗಿದರು. ನಾವಿಬ್ಬರೂ ಬೇವಿನ ಮರದ ಕೆಳಗೆ ಕಳ್ಳರ ಹಾಗೆ ನಿಂತಿದ್ದೆವು. ಹುಡುಗನಪ್ಪ ಶೇರ್ವಾನಿಯ ಧೂಳು ಕೊಡವುತ್ತಾ ಬಂದರು. ಅಬ್ಬಾ ಅದನ್ನು ತಗೊಳ್ಳಲಿಲ್ಲ, ಕೈ ಮುಗಿದರು.

"ನಾನು ಇನಾಮ್ದಾರ್ ಅಲ್ಲ ಸಾಹೇಬ್. ಗೋರಿ ತೋಡೋನು. ಹೆಸರು ನಾನೇ ಬರೆಸಿದ್ದು. ನನ್ನ ಮಗಳು ಬೇಡ ಅಂತಲೇ ಅಂದಿದ್ದಳು, ಅವಳದ್ದೇನೂ ತಪ್ಪಿಲ್ಲ. ನೀವು ಸಂಬಂಧ ಬೇಡ ಅಂದ್ರೂ ಪರವಾಗಿಲ್ಲ, ಅವಳ ಮೇಲೆ ಮಾತ್ರ ಏನೂ ಹೇಳಬೇಡಿ."

"ನಲವತ್ತು ದಿನ ಕಳೀಲಿ," ಅಂದರು ಅವರು. "ನಿಕಾ ಮಾಡೋಣ. ನೀವು ಗೋರಿ ತೋಡೋರು ಅಂತ ನಮಗೆ ಹೆಣ್ಣು ನೋಡೋಕೆ ಬಂದ ದಿನವೇ ಗೊತ್ತಾಯ್ತು."

ನಾನು ತಬ್ಬಿಬ್ಬಾದೆ. "ಯಾರು ಹೇಳಿದ್ರು?" ಅಂತ ಕೇಳಿದೆ.

"ಅಮ್ಮ. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದಳು." ಅವರು ಹಸಿ ಮಣ್ಣಿನ ಗುಡ್ಡೆ ಕಡೆ ನೋಡಿದರು. ಅಳ್ತಾ ಇದ್ದಾರಾ, ನಗ್ತಾ ಇದ್ದಾರಾ ತಿಳೀಲಿಲ್ಲ. "ನಿಮ್ಮಬ್ಬಾ ಟೀ ಕುಡೀತಾ ಕುಡೀತಾ ಅವಳನ್ನ ತಲೆಯಿಂದ ಕಾಲಿನ ತನಕ ಎರಡು ಸಲ ನೋಡಿದರಂತೆ. 'ಈ ಸಂಬಂಧ ಬಿಡಬೇಡ ಕಣೋ,' ಅಂದಳು. 'ಒಳ್ಳೇ ಕೆಲಸಗಾರ. ನಿನ್ನ ಮಗನಿಗೆ ಹೆಣ್ಣು ಕೊಡೋಕೆ ಮುಂಚೇನೇ ನನ್ನ ಅಳತೆ ತಗೊಂಡ.'"